ಫಕೀರಪ್ಪನ ಎಪ್ಪತ್ತು ಸಾವಿರ ದಿರ್ಹಮ್

೧೯೯೮ರಲ್ಲಿ ನಾನು ದುಬೈಯ ದೇರಾದಲ್ಲಿದ್ದ ಒಂದು ವಿಮಾ ಕಂಪನಿಯ ಮೋಟಾರ್ ಕ್ಲೇಮ್ಸ್ ವಿಭಾಗದಲ್ಲಿ ಸಹಾಯಕನಾಗಿದ್ದೆ. ಹೆಸರಿಗೆ ಸಹಾಯಕ, ಕೆಲಸ ಮಾತ್ರ ಗಾಯಾಳುಗಳನ್ನು ಆಸ್ಪತ್ರೆಯಲ್ಲಿ ಕಂಡು ಹೇಳಿಕೆ ಬರೆದುಕೊಳ್ಳುವುದರಿಂದ ಹಿಡಿದು, ಕೊನೆಗೆ ಚೆಕ್ ಕೊಟ್ಟು ರಸೀದಿಗೆ ಸಹಿ ಹಾಕಿಸಿಕೊಳ್ಳುವವರೆಗೆ ಎಲ್ಲವೂ. ಕುಂದಾಪುರದಿಂದ ಬಂದು ಆಗ ಎಂಟು ವರ್ಷವಾಗಿತ್ತು. ಹೆಂಡತಿ ಜಲಜ ಮತ್ತು ಮಗ ಮೂರು ವರ್ಷ ನನ್ನ ಜೊತೆಗಿದ್ದರು. ಶಾಲೆಯ ಫೀಸು, ಫ್ಲ್ಯಾಟಿನ ಬಾಡಿಗೆ ಎರಡೂ ಒಟ್ಟಿಗೆ ಏರಿದಾಗ ಅವರನ್ನು ಊರಿಗೆ ಕಳಿಸಿ, ಐದು ಜನರಿದ್ದ ಕೋಣೆಯಲ್ಲಿ ಒಂದು ಮಂಚದ ಜಾಗ ಹಿಡಿದಿದ್ದೆ. ಅಲ್ಲಿನ ಮಾತಿನಲ್ಲಿ ಅದು ಬೆಡ್‌ಸ್ಪೇಸ್. ಮದುವೆಯಾಗಿ ಮಗನಿದ್ದವನನ್ನೂ ಬ್ಯಾಚುಲರ್ ಎಂದೇ ಕರೆಯುವ ಊರು ಅದು. ಹೆಂಡತಿಗೆ ಈ ವಿಷಯ ಹೇಳಿ ನಕ್ಕಿದ್ದೆ, ಅವಳು ನಗಲಿಲ್ಲ.

ನಮ್ಮ ಕೆಲಸದಲ್ಲಿ ಲಿಯನ್ ಎಂಬ ಒಂದು ಪದವಿತ್ತು. ನಿಮಗೆ ಬರಬೇಕಾದ ಹಣದ ಮೇಲೆ ನಿಮಗಿಂತ ಮೊದಲು ಇನ್ನೊಬ್ಬರಿಗಿರುವ ಹಕ್ಕು ಅದು. ಕಾರು ಬಡಿದು ಒಬ್ಬನ ಕಾಲು ಹೋಯಿತು, ವಿಮಾ ಕಂಪನಿ ಪರಿಹಾರ ಕೊಡಲು ಒಪ್ಪಿತು ಎನ್ನಿ. ಅಷ್ಟರಲ್ಲಿ ಆಸ್ಪತ್ರೆಯ ಬಾಕಿ, ಮಾಲೀಕನು ಮುಂಗಡವಾಗಿ ಖರ್ಚು ಮಾಡಿದ್ದು, ಕಾಗದಪತ್ರ ಓಡಾಡಿಸಿದವನ ಪಾಲು, ಎಲ್ಲವೂ ಒಂದೊಂದು ಪತ್ರದ ರೂಪದಲ್ಲಿ ನಮ್ಮ ಕಡತಕ್ಕೆ ಬಂದು ಸೇರುತ್ತಿದ್ದವು. ನಾವು ಆ ಪತ್ರದವರಿಗೆಲ್ಲ ಮೊದಲು ಬಡಿಸಬೇಕು. ಮದುಮಗನೇ ಕೊನೆಯ ಪಂಕ್ತಿಗೆ ಕೂತ ಹಾಗೆ, ಕಾಲು ಕಳೆದುಕೊಂಡವನ ಎಲೆಗೆ ಬರುವ ಹೊತ್ತಿಗೆ ಪಾತ್ರೆಯಲ್ಲಿ ಎಷ್ಟಿರುತ್ತದೋ ಅಷ್ಟು.

ಆ ವರ್ಷದ ಬೇಸಿಗೆಯ ಒಂದು ಶುಕ್ರವಾರ ಮಧ್ಯಾಹ್ನ ದೇರಾದ ರಸ್ತೆಯೊಂದನ್ನು ದಾಟುತ್ತಿದ್ದ ಕಾರ್ಮಿಕನಿಗೆ ನಮ್ಮಲ್ಲಿ ವಿಮೆಯಿದ್ದ ಕಾರೊಂದು ಗುದ್ದಿತು. ತಪ್ಪು ಚಾಲಕನದೇ ಎಂದು ಪೊಲೀಸರು ಬರೆದಿದ್ದರು. ಗಾಯಾಳುವಿನ ಹೆಸರು ಫಕೀರಪ್ಪ, ಕಟ್ಟಡ ಕಂಪನಿಯೊಂದರಲ್ಲಿ ಸೆಂಟ್ರಿಂಗ್ ಬಡಗಿ. ಕಡತದಲ್ಲಿ ಆ ಹೆಸರು ನೋಡಿದ ಕೂಡಲೇ ನನಗೆ ಇವನು ಗದಗ ಕಡೆಯವನೇ ಇರಬೇಕು ಅನ್ನಿಸಿತು. ಆಸ್ಪತ್ರೆಗೆ ಹೋಗಿ ಕನ್ನಡದಲ್ಲಿ ಮಾತನಾಡಿಸಿದೆ. ಬಲಗಾಲಿಗೆ ರಾಡ್ ಹಾಕಿಸಿಕೊಂಡು ಮಲಗಿದ್ದವನು ಎದ್ದು ಕೂರಲು ನೋಡಿದ. ಲಕ್ಷ್ಮೇಶ್ವರದ ಹತ್ತಿರದವನಂತೆ. ನನ್ನ ಅಡ್ಡಹೆಸರು ಕೇಳಿದ ಮೇಲೆ ಕೊನೆಯವರೆಗೂ ನಾನು ಅವನಿಗೆ ಶೆಟ್ರು.

ಹೇಳಿಕೆ ಬರೆದುಕೊಳ್ಳುವಾಗ ರಸ್ತೆ ಯಾಕೆ ದಾಟುತ್ತಿದ್ದಿ ಎಂದು ಕೇಳಿದೆ. ಹೆಂಡತಿಗೆ ಫೋನ್ ಮಾಡಲು ಎಂದ. ಶುಕ್ರವಾರ ಫೋನಿನ ದರ ಕಡಿಮೆ. ಅವನ ಹೆಂಡತಿ ನೀಲವ್ವ ಪ್ರತಿ ಶುಕ್ರವಾರ ಸಂಜೆ ನಾಲ್ಕೂವರೆಗೆ ಮಗಳನ್ನು ಕರೆದುಕೊಂಡು ಊರಿನ ಎಸ್‌ಟಿಡಿ ಬೂತಿಗೆ ಬಂದು ಬೆಂಚಿನ ಮೇಲೆ ಕೂರುವಳು. ಇವನು ಇಲ್ಲಿಯ ಮೂರು ಗಂಟೆಗೆ ರಸ್ತೆಬದಿಯ ಫೋನಿಗೆ ಕಾರ್ಡು ಹಾಕುವನು. ಅವನಿದ್ದ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲೂ ಫೋನಿತ್ತು, ಆದರೆ ಅಲ್ಲಿ ಹಿಂದೆ ನಲವತ್ತು ಜನ ಸಾಲು ನಿಂತು ಮಾತೆಲ್ಲ ಕೇಳುತ್ತಾರೆಂದು ಇವನು ಬಸ್ಸು ಹಿಡಿದು ದೇರಾಕ್ಕೆ ಬರುತ್ತಿದ್ದ. ಅಪಘಾತವಾದ ದಿನ ಆಕೆ ಬೂತು ಮುಚ್ಚುವವರೆಗೂ ಕೂತಿದ್ದಳಂತೆ. ಮರುವಾರ ಕೋಣೆಯವನೊಬ್ಬ ಇವನ ಪರವಾಗಿ ಫೋನ್ ಮಾಡಿ, ಫಕೀರಪ್ಪನನ್ನು ಕೆಲಸಕ್ಕೆ ದೂರದ ರುವೈಸ್‌ಗೆ ಕಳಿಸಿದ್ದಾರೆ, ಅಲ್ಲಿ ಫೋನಿಲ್ಲ ಎಂದು ಸುಳ್ಳು ಹೇಳಿದ್ದ.

“ಮದುವಿಯಾಗಿ ಏಳು ವರ್ಷ ಆತ್ರಿ ಶೆಟ್ರ. ಲೆಕ್ಕಾ ಹಾಕಿದ್ರ ಕೂಡಿ ಇದ್ದದ್ದು ಹನ್ನೊಂದು ತಿಂಗಳಾ,” ಎಂದ ಫಕೀರಪ್ಪ. ಪರಿಹಾರ ಬಂದರೆ ಖಾಯಂ ಊರಿಗೆ ಹೋಗಿ ಖಾರ ಕುಟ್ಟುವ ಗಿರಣಿ ಹಾಕುವ ಆಸೆ ಅವನದು. ಜಾಗ, ಮೋಟಾರು, ಕರೆಂಟು ಸೇರಿ ನಾಲ್ಕು ಲಕ್ಷ ರೂಪಾಯಿ ಬೇಕೆಂದು ಬಡಗಿಯ ಲೆಕ್ಕಾಚಾರ ಆಗಲೇ ಮುಗಿಸಿದ್ದ. ಕುಂಟುವ ಕಾಲಿನಲ್ಲಿ ಇನ್ನು ಅಟ್ಟಣಿಗೆ ಹತ್ತುವಂತಿರಲಿಲ್ಲ; ಗಿರಣಿಯಾದರೆ ಕೂತು ಮಾಡುವ ಕೆಲಸ. ಅಷ್ಟು ಹಣ ಕೂಡದಿದ್ದರೆ ಅದೇ ಕಂಪನಿಯಲ್ಲಿ ವಾಚ್‌ಮನ್ ಆಗಿ ಉಳಿಯುವುದೇ ಗತಿ.

ಅವತ್ತು ನಾನೊಂದು ಎಡವಟ್ಟು ಮಾಡಿದೆ. ಫಕೀರಪ್ಪನ ಆಪರೇಷನ್ ಖಾಸಗಿ ಆಸ್ಪತ್ರೆಯಲ್ಲಾಗಿತ್ತು, ಬಿಲ್ಲು ಅವನ ಕಟ್ಟಡ ಕಂಪನಿ ಕಟ್ಟಿತ್ತು. ಅದು ಅವನಿಗೆ ದೊಡ್ಡ ಭಾರವಾಗಿತ್ತು. ಯಾರ ದುಡ್ಡೂ ತನಗೆ ಪುಕ್ಕಟೆ ಬೇಡ, ಪರಿಹಾರ ಬಂದ ಕೂಡಲೇ ಕಂಪನಿಯ ಹಣ ಮೊದಲು ತೀರಿಸುತ್ತೇನೆಂದು ಮ್ಯಾನೇಜರ್‌ಗೆ ಒಂದು ಪತ್ರ ಬರೆದುಕೊಡಿ ಎಂದು ದುಂಬಾಲು ಬಿದ್ದ. ಎಂಥ ನಿಯತ್ತಿನ ಮನುಷ್ಯ ಎಂದು ನಾನು ಕರಗಿಹೋದೆ. ನನ್ನ ಇಂಗ್ಲಿಷಿನ ಮೇಲೆ ನನಗೆ ಸ್ವಲ್ಪ ಅಭಿಮಾನವೂ ಇತ್ತು. ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಕೂತು ಅಂದವಾಗಿ ಬರೆದೆ. ಕೆಳಗೆ ಅವನು ಕನ್ನಡದಲ್ಲಿ ಸಹಿ ಹಾಕಿದ.

ನಾಲ್ಕು ತಿಂಗಳ ಮೇಲೆ ವೈದ್ಯರ ವರದಿ ಬಂತು; ಪಾದದ ಚಲನೆ ಶಾಶ್ವತವಾಗಿ ಕುಂದಿದೆ ಎಂದಿತ್ತು. ನಮ್ಮ ಕಂಪನಿ ಎಪ್ಪತ್ತು ಸಾವಿರ ದಿರ್ಹಮಿಗೆ ರಾಜಿಯಾಯಿತು. ಆಗ ದಿರ್ಹಮಿಗೆ ಹನ್ನೊಂದು ರೂಪಾಯಿ ಚಿಲ್ಲರೆ ಸಿಗುತ್ತಿತ್ತು. ಏಳೂವರೆ ಲಕ್ಷ ದಾಟುತ್ತದೆ ಎಂದು ಕೇಳಿ ಫಕೀರಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಾನೂ ಖುಷಿಯಾಗಿಯೇ ಇದ್ದೆ.

ಆಮೇಲೆ ಪತ್ರಗಳು ಬಂದವು. ಕಾಗದ ಓಡಾಡಿಸಿದ ಕನ್ಸಲ್ಟೆಂಟ್ ನೂರಕ್ಕೆ ಇಪ್ಪತ್ತು ಎಂದು ಮೊದಲೇ ಬರೆಸಿಕೊಂಡಿದ್ದ. ಅವನದು ಹದಿನಾಲ್ಕು ಸಾವಿರ. ಆಮೇಲೆ ಕಾಲಿನ ವ್ಯಾಯಾಮಕ್ಕೆಂದು ಹೋಗುತ್ತಿದ್ದ ಎರಡನೇ ಆಸ್ಪತ್ರೆಯ ಬಾಕಿ ಆರು ಸಾವಿರ. ಕಟ್ಟಡ ಕಂಪನಿಯದು ಮೂವತ್ತೊಂದು ಸಾವಿರ: ಆಪರೇಷನ್ ಬಿಲ್ಲು, ಮಲಗಿದ್ದ ತಿಂಗಳುಗಳ ಸಂಬಳ, ಕ್ಯಾಂಪಿನ ಊಟ. ಆ ಪತ್ರದ ಹಿಂದೆ ಪುರಾವೆಯೆಂದು ಲಗತ್ತಿಸಿದ್ದು ನನ್ನದೇ ಅಕ್ಷರ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣಬೇಕಾದವನು ಫಕೀರಪ್ಪ.

ಕಳೆದು ಉಳಿದದ್ದು ಹತ್ತೊಂಬತ್ತು ಸಾವಿರ, ಎರಡು ಲಕ್ಷದ ಆಸುಪಾಸು. ಅದರಲ್ಲಿ ಗಿರಣಿ ಏಳುವುದಿಲ್ಲ. ವಿಷಯ ಹೇಳಿದಾಗ ಫಕೀರಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಗಾದರೆ ಇನ್ನೊಂದು ನಾಲ್ಕು ವರ್ಷ ವಾಚ್‌ಮನ್ ಕೆಲಸ ಮಾಡುತ್ತೇನೆ, ಅಷ್ಟರಲ್ಲಿ ಉಳಿದದ್ದು ಕೂಡುತ್ತದೆ ಎಂದ. ಮಗಳು ಅಷ್ಟು ಹೊತ್ತಿಗೆ ಹತ್ತು ವರ್ಷದವಳಾಗಿರುತ್ತಾಳೆ ಎಂದು ಅವನೇ ಲೆಕ್ಕ ಹೇಳಿದ. ನನ್ನ ಮಗನಿಗೆ ಆಗ ಹತ್ತು.

ನಮ್ಮ ಮ್ಯಾನೇಜರ್ ಕೇರಳದವರು, ಒಳ್ಳೆಯ ಮನುಷ್ಯ. ನಾವು ಕೊಡುವುದು ಎಪ್ಪತ್ತೇ, ಅದನ್ನು ಯಾರು ಎಷ್ಟು ಹಂಚಿಕೊಳ್ಳುತ್ತಾರೆನ್ನುವುದು ನಮ್ಮ ತಲೆನೋವಲ್ಲ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಪತ್ರ ಬರೆದ ಕೈ ನನ್ನದಾಗಿತ್ತಲ್ಲ. ಚೆಕ್ ಸಿದ್ಧವಾಗುವ ಮೊದಲು ಕಡತವನ್ನು ಮೊದಲ ಹಾಳೆಯಿಂದ ಮತ್ತೆ ಓದಲು ಕೂತೆ. ಅರಬ್ಬಿ ಹಾಳೆಗಳನ್ನು ನಮ್ಮ ಆಫೀಸಿನ ಭಾಷಾಂತರಕಾರ, ಸೂಡಾನಿನ ಇದ್ರಿಸ್, ಓದಿ ಹೇಳಿದ. ನಾವು ಸಾಮಾನ್ಯವಾಗಿ ಪೊಲೀಸ್ ವರದಿಯಲ್ಲಿ ತಪ್ಪು ಯಾರದೆಂಬ ಸಾಲನ್ನಷ್ಟೇ ಅನುವಾದ ಮಾಡಿಸಿ ಮುಂದೆ ಹೋಗುತ್ತಿದ್ದೆವು. ಅದರ ಹಿಂದೆ ಗಾಯಾಳುವಿನ ಬಳಿ ಸಿಕ್ಕ ವಸ್ತುಗಳ ಪಟ್ಟಿಯಿತ್ತು. ಒಂದು ಪರ್ಸು, ಒಂದು ಫೋನ್ ಕಾರ್ಡು, ಒಂದು ಉದ್ದನೆಯ ಪ್ಲಾಸ್ಟಿಕ್ ಕೊಳವೆ, ಅದರೊಳಗೆ ಸುತ್ತಿಟ್ಟ ಕಟ್ಟಡದ ನಕ್ಷೆಗಳು. ನಕ್ಷೆಯ ಮೇಲೆ ಕಂಪನಿಯ ಮೊಹರು.

ರಜೆಯ ದಿನ ಹೆಂಡತಿಗೆ ಫೋನ್ ಮಾಡಲು ಹೊರಟವನ ಕೈಯಲ್ಲಿ ಕಂಪನಿಯ ನಕ್ಷೆ ಯಾಕೆ? ಆ ಸಂಜೆಯೇ ಮುಹೈಸ್ನಾಕ್ಕೆ ಹೋದೆ. ಕ್ಯಾಂಪಿನ ಅಂಗಳದಲ್ಲಿ ಬಟ್ಟೆ ಒಣಹಾಕಿದ್ದ ಹಗ್ಗಗಳ ನಡುವೆ ಫಕೀರಪ್ಪ ಊರುಗೋಲು ಪಕ್ಕಕ್ಕಿಟ್ಟು ಕೂತಿದ್ದ. ಕೊಳವೆಯ ವಿಷಯ ಕೇಳಿದೆ.

“ಅದಾ? ಫೋರ್‌ಮನ್ ಕೊಟ್ಟಿದ್ದ ರೀ. ಹೆಂಗೂ ದೇರಾಕ ಹೊಂಟೀಯಲ್ಲ, ಆಫೀಸಿನ ವಾಚ್‌ಮನ್ ಕೈಯಾಗ ಕೊಟ್ಟ ಹೋಗು ಅಂದ.”

“ಇದನ್ನು ಅವತ್ತೇ ಯಾಕೆ ಹೇಳ್ಲಿಲ್ಲ ಮಾರಾಯ್ರೆ?”

ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. “ನಾ ಹೊಂಟಿದ್ದು ಆಕೀ ಜೋಡಿ ಮಾತಾಡಾಕ ರೀ. ನಕ್ಷಾ ಕೊಡಾಕ ಹೊಂಟಿದ್ದೆ ಅಂತ ಹೆಂಗ ಸುಳ್ಳ ಹೇಳ್ಲಿ?”

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಲ್ಲಿಯ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸದ ಮೇಲೆ ಹೋದಾಗ ಪೆಟ್ಟಾದರೆ ಚಿಕಿತ್ಸೆಯ ಖರ್ಚೂ ಮಲಗಿದ್ದ ತಿಂಗಳುಗಳ ಸಂಬಳವೂ ಮಾಲೀಕನದೇ. ಅದು ಸಾಲವಲ್ಲ, ವಾಪಸು ಕೇಳುವಂತಿಲ್ಲ. ಫಕೀರಪ್ಪನಿಗೆ ಇದು ಗೊತ್ತಿರಲಿಲ್ಲ; ಗೊತ್ತಿದ್ದರೂ ಅವನ ಮನಸ್ಸು ಅಷ್ಟು ದೂರವಿದ್ದ ಹೆಂಡತಿಯ ಕಡೆ ಹೊರಟಿತ್ತಾದ್ದರಿಂದ ಕೈಯಲ್ಲಿದ್ದ ಕೊಳವೆ ಅವನ ಲೆಕ್ಕಕ್ಕೇ ಬಂದಿರಲಿಲ್ಲ. ಆರು ದಿನ ಕಂಪನಿಯದು, ಏಳನೆಯ ದಿನದ ಆ ಒಂದು ಗಂಟೆ ಮಾತ್ರ ತನ್ನದು ಮತ್ತು ನೀಲವ್ವನದು ಎಂದು ಅವನು ತಿಳಿದಿದ್ದ. ಅದರಲ್ಲೂ ಕಂಪನಿ ಒಂದು ಪಾಲು ತೆಗೆದುಕೊಂಡಿತ್ತು ಎಂದು ಅವನಿಗೆ ಒಪ್ಪಿಸುವುದೇ ಕಷ್ಟವಾಯಿತು. ಬರೆದುಕೊಟ್ಟ ಮಾತಿಗೆ ತಪ್ಪುವುದು ಹೇಗೆ ಎಂದು ಅರ್ಧ ಗಂಟೆ ವಾದ ಮಾಡಿದ. ಕೊಡಬೇಕಿಲ್ಲದ ಸಾಲಕ್ಕೆ ಬರೆದ ಪತ್ರ ಅದು, ಬರೆದವನು ನಾನು, ಪಾಪ ಬಂದರೆ ನನಗೆ ಬರಲಿ ಎಂದೆ. ಕೊನೆಗೆ ಅವನನ್ನು ಒಪ್ಪಿಸಿದ್ದು ನನ್ನ ವಾದವಲ್ಲ. ನೀಲವ್ವ ಇನ್ನೂ ನಾಲ್ಕು ವರ್ಷ ಆ ಬೆಂಚಿನ ಮೇಲೆ ಕೂರಬೇಕಾ ಎಂದು ಕೇಳಿದ್ದಕ್ಕೆ ಅವನು ಊರುಗೋಲು ಎತ್ತಿಕೊಂಡು, ನಿಮಗೆ ತಿಳಿದಂತೆ ಮಾಡಿ ಎಂದ.

ಚೆಕ್ಕಿನ ವಿಷಯ ಮಾತಾಡಲು ಕಟ್ಟಡ ಕಂಪನಿಯ ಮಂದೂಬ್ ನಮ್ಮ ಆಫೀಸಿಗೆ ಬಂದ. ಸರ್ಕಾರಿ ಕಾಗದಗಳ ಓಡಾಟ ನೋಡಿಕೊಳ್ಳುವ ನೌಕರನಿಗೆ ಅಲ್ಲಿ ಹಾಗೆನ್ನುತ್ತಾರೆ. ನಾನು ಏನೂ ವಾದಿಸದೆ ಪೊಲೀಸರ ಪಟ್ಟಿಯನ್ನು ಅವನ ಮುಂದಿಟ್ಟು, ಇದು ಕಾರ್ಮಿಕ ಇಲಾಖೆಯ ಕೈಗೆ ಹೋದರೆ ಏನಾಗಬಹುದೆಂದು ಕೇಳಿದೆ. ಅಲ್ಲಿಗೆ ಹೋಗಿದ್ದರೆ ನಾವೇ ಗೆಲ್ಲುತ್ತಿದ್ದೆವೆಂದು ಇವತ್ತಿಗೂ ನಾನು ಆಣೆ ಮಾಡಿ ಹೇಳಲಾರೆ. ರಜೆಯ ದಿನ, ಬಾಯಿಮಾತಿನ ಆದೇಶ, ಎಳೆದಾಡಲು ಬೇಕಾದಷ್ಟಿತ್ತು. ಅವನು ಪಟ್ಟಿಯನ್ನು ಎರಡು ಸಲ ಓದಿದ, ನಮ್ಮ ಫೋನಿನಿಂದಲೇ ತನ್ನ ಆಫೀಸಿಗೆ ಮಾತಾಡಿದ. ರಿಸೀವರ್ ಇಟ್ಟು “ಖಲಾಸ್” ಎಂದ. ಮೂವತ್ತೊಂದು ಸಾವಿರದ ಹಕ್ಕನ್ನು ಕೈಬಿಟ್ಟಿದ್ದೇವೆಂದು ಎರಡು ದಿನದಲ್ಲಿ ಪತ್ರ ಬಂತು. ಪಕ್ಕದ ಮೇಜಿನಿಂದ ಎಲ್ಲ ನೋಡಿದ್ದ ಮ್ಯಾನೇಜರ್, ನಿಮಗೆ ಸಂಬಳ ಕೊಡುವುದು ಯಾರು ಎಂದು ಕೇಳಿದರು. ನೀವೇ ಎಂದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಕನ್ಸಲ್ಟೆಂಟ್ ಒಂದು ದಿರ್ಹಮೂ ಬಿಡಲಿಲ್ಲ, ಆಸ್ಪತ್ರೆಯದನ್ನು ಕಟ್ಟಲೇಬೇಕಿತ್ತು. ಫಕೀರಪ್ಪನ ಕೈಗೆ ಬಂದದ್ದು ಐವತ್ತು ಸಾವಿರ, ಐದೂವರೆ ಲಕ್ಷ ರೂಪಾಯಿ. ಗಿರಣಿಗೆ ಅಷ್ಟು ಸಾಕಿತ್ತು.

ಮರುದಿನ ಶುಕ್ರವಾರ. ಒಬ್ಬನೇ ಆ ರಸ್ತೆ ದಾಟಲು ಧೈರ್ಯವಿಲ್ಲ, ಜೊತೆಗೆ ಬನ್ನಿ ಎಂದು ಕೇಳಿಕೊಂಡಿದ್ದ. ಕೈ ಹಿಡಿದು ದಾಟಿಸಿದೆ. ಮೂರು ಗಂಟೆಗೆ ಕಾರ್ಡು ಹಾಕಿದ. ನಾನು ದೂರ ಸರಿಯಲು ಹೊರಟರೆ ಅಂಗಿಯ ತೋಳು ಹಿಡಿದುಕೊಂಡ. ಬಹಳ ಹೊತ್ತು ಬರೀ ಹೂಂ, ಹೂಂ ಎನ್ನುತ್ತಿದ್ದ. ಆಮೇಲೆ ಹೇಳಿದ:

“ನೀಲಾ, ಇನ್ನ ಮುಂದ ಶುಕ್ರವಾರ ಬೂತಿಗೆ ಬರಬ್ಯಾಡ.”

ಅವಳು ಏನೆಂದು ತಿಳಿದಳೋ. ಕಾರ್ಡಿನ ಹಣ ಇಳಿಯುತ್ತಿದ್ದದ್ದು ಫೋನಿನ ಪುಟ್ಟ ಪರದೆಯಲ್ಲಿ ಕಾಣುತ್ತಿತ್ತು.

“ನಾನ ಬರಾಕತ್ತೇನಿ,” ಎಂದ.

ಅವನು ಊರಿಗೆ ಹೋಗಿ ವರ್ಷದೊಳಗೇ ಯಾರದೋ ಕೈಯಲ್ಲಿ ತನ್ನ ಗಿರಣಿಯ ಎರಡು ಕಿಲೋ ಖಾರದಪುಡಿ ಕಳಿಸಿದ್ದ. ಪೊಟ್ಟಣ ಬಿಚ್ಚಿದ ದಿನ ನಮ್ಮ ಕೋಣೆಯ ಐದೂ ಜನ ಕೆಮ್ಮಿದೆವು.

ಆಮೇಲೆ ನಾನು ಯಾವ ಕಡತ ತೆರೆದರೂ ಮಂಜೂರಾದ ಮೊತ್ತವನ್ನು ಗಾಯಾಳುವಿಗೆ ಮೊದಲು ಹೇಳುತ್ತಿರಲಿಲ್ಲ. ಯಾರ್ಯಾರದು ಪಾಲಿದೆ, ಯಾವುದು ನಿಜವಾದ ಸಾಲ, ಯಾವುದು ಬರೀ ದಾಕ್ಷಿಣ್ಯ ಎಂದು ಕೂತು ವಿಚಾರಿಸಿ, ಕೈಗೆ ಬರುವುದೆಷ್ಟೋ ಅದನ್ನು ಹೇಳುತ್ತಿದ್ದೆ. ದಾಕ್ಷಿಣ್ಯದ ಪತ್ರವನ್ನಂತೂ ಯಾರಿಗೂ ಬರೆದುಕೊಡಲಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟೇ, ಮತ್ತು ಅದನ್ನು ಬೇರೆಯವರ ಕಡತಕ್ಕೆ ಮಾತ್ರ ಅನ್ವಯಿಸಿದೆ. ನನ್ನದರಲ್ಲಿ ಮನೆಯ ಕಂತು, ತಂಗಿಯ ಮದುವೆ, ಮಗನ ಎಂಜಿನಿಯರಿಂಗ್ ಸೀಟು ಒಂದರ ಹಿಂದೊಂದು ಬಂದು ಸೇರಿದವು. ಅವೆಲ್ಲ ನಿಜವಾದ ಹಕ್ಕುಗಳೇ, ಯಾರನ್ನೂ ದೂರುವುದಿಲ್ಲ. ಜಲಜಳ ಪಾಲನ್ನು ಮಾತ್ರ ಯಾವಾಗಲೂ ಕೊನೆಗೆ ಇಟ್ಟೆ, ಅವಳು ಪತ್ರ ಬರೆದು ಕೇಳುವವಳಲ್ಲವಾದ್ದರಿಂದ.

ಫಕೀರಪ್ಪ ಹೇಳಿದ ಮಾತನ್ನು ನಾನೂ ಒಂದು ದಿನ ಹೇಳಬೇಕೆಂದು ಆ ಶುಕ್ರವಾರವೇ ಅಂದುಕೊಂಡಿದ್ದೆ. ಖಾಯಂ ಊರಿಗೆ ಹೊರಡಲು ನನಗೆ ಮತ್ತೆ ಎಂಟು ವರ್ಷ ಹಿಡಿಯಿತು. ಅಷ್ಟರಲ್ಲಿ ಜಲಜಳ ಕೈಗೆ ಮೊಬೈಲ್ ಬಂದಿತ್ತು. ಫೋನ್ ಮಾಡಿ ಬರುತ್ತಿದ್ದೇನೆ ಎಂದೆ. ಎಷ್ಟು ದಿನದ ರಜೆ ಎಂದು ಕೇಳಿದಳು.