ಆಯುಧಪೂಜೆಯ ದಿನ ಸುಗಟೂರಿಗೆ ಬಂದ ಮಳೆ

ಮಳೆಯ ಸುದ್ದಿ ಮಾರುವುದು ನನ್ನ ಕೆಲಸ. ಹೀಗೆಂದರೆ ಮುಳಬಾಗಿಲಿನ ನನ್ನ ತವರಿನವರು ಈಗಲೂ ನಗುತ್ತಾರೆ. ನಗಲಿ. ಸರ್ಕಾರದ ಮುನ್ಸೂಚನೆ ಇಡೀ ಜಿಲ್ಲೆಗೆ ಸೇರಿದ್ದು, ಪುಕ್ಕಟೆ. ನಮ್ಮ ಕಂಪನಿಯದು ಊರೂರಿಗೆ ಬೇರೆ ಬೇರೆ, ದುಡ್ಡು ಕಟ್ಟಿದವರ ಫೋನಿಗೆ ಮಾತ್ರ. ಈಚೆಗೆ ಇಂಥ ಕಂಪನಿಗಳು ಅಣಬೆಯ ಹಾಗೆ ಎದ್ದಿವೆ. ಮಾಲೂರಿನ ಇಟ್ಟಿಗೆ ಗೂಡಿನವರು ಹಸಿ ಇಟ್ಟಿಗೆಗೆ ಟಾರ್ಪಾಲು ಹೊದಿಸಬೇಕೇ ಎಂದು ಕೇಳುತ್ತಾರೆ, ಶ್ರೀನಿವಾಸಪುರದ ಮಾವಿನ ತೋಟದವರು ಔಷಧಿ ಹೊಡೆಯಬಹುದೇ ಎಂದು ಕೇಳುತ್ತಾರೆ. ನಮ್ಮ ಸುಗಟೂರಿನವರು ಕೇಳುವುದು ರೇಷ್ಮೆ ಹುಳುವಿಗಾಗಿ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಅಗಲವಾದ ಬಿದಿರಿನ ತಟ್ಟಿಗೆ ಬಿಟ್ಟು ಅಂಗಳದಲ್ಲಿ ನಿಲ್ಲಿಸುತ್ತಾರೆ. ಅದರ ಮೇಲೆ ಮಳೆ ಬಿದ್ದರೆ ತಿಂಗಳ ದುಡಿಮೆ ಹಾಳು.

ಊರಿನ ಹವಾಮಾನ ಯಂತ್ರವನ್ನು ನೆಟ್ಟಿರುವುದು ನಮ್ಮ ಅಂಗಳದಲ್ಲೇ. ಎದೆಮಟ್ಟದ ಕಂಬ, ತುದಿಯಲ್ಲಿ ಗಾಳಿಗೆ ಗಿರಗಿರ ತಿರುಗುವ ಮೂರು ಬಟ್ಟಲು, ಬಿಸಿಲು ಅಳೆಯುವ ಗಾಜಿನ ಹಲಗೆ, ಪಕ್ಕದಲ್ಲಿ ಮಳೆ ನೀರು ಹಿಡಿಯುವ ಡಬ್ಬಿ. ಅದು ಅಳೆದದ್ದು ನೇರ ಬೆಂಗಳೂರಿನ ಕಂಪ್ಯೂಟರಿಗೆ ಹೋಗುತ್ತದೆ, ಅಲ್ಲಿಂದ ಜನರ ಫೋನಿಗೆ ಸಂದೇಶ ಬರುತ್ತದೆ, ನಡುವೆ ಯಾರೂ ಕೈಹಾಕುವುದಿಲ್ಲ. ಮನೆಮನೆಗೆ ಹೋಗಿ ಜನರನ್ನು ಸೇರಿಸಿದವಳು ನಾನು. ಮದುವೆಯಾಗಿ ಬಂದಾಗಿನಿಂದ 'ಆ ಮನೆ ಸೊಸೆ' ಆಗಿದ್ದವಳು ಈಗ ಊರಿಗೆಲ್ಲ 'ಮಳೆ ಅಕ್ಕ' ಆಗಿದ್ದೆ. ಹಾಗೆ ಯಾರಾದರೂ ಕೂಗಿದರೆ ಸಾಕು, ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮೊದಲ ತಿಂಗಳೇ ಒಂದು ಎಡವಟ್ಟು ಮಾಡಿದ್ದೆ. ಕಂಬಕ್ಕೆ ಹಗ್ಗ ಕಟ್ಟಿ ಒದ್ದೆ ಬೆಡ್‌ಶೀಟುಗಳನ್ನು ಒಣಹಾಕಿದ್ದೆ. ಊರಿಗೆ ಊರೇ ತೇವವಾಗಿದೆ ಎಂದು ಕಂಪ್ಯೂಟರು ತಿಳಿದುಕೊಂಡಿತು. ಕಂಪನಿಯ ಮೇಲ್ವಿಚಾರಕರು ಫೋನ್ ಮಾಡಿ, "ಇನ್ನೊಂದು ಸಲ ಹೀಗಾದ್ರೆ ಯಂತ್ರ ಕಿತ್ತು ಮಾಲೂರಿನ ಹತ್ರದ ಟೇಕಲ್‌ಗೆ ಹಾಕ್ತೀವಿ ಮೇಡಂ" ಎಂದರು. ಯಂತ್ರ ಹೋದರೆ ನನ್ನ ಕೆಲಸವೂ ಹೋದಂತೆ.

ಹೀಗಿರುವಾಗ ಆಯುಧಪೂಜೆ ಬಂತು. ಅಂದು ನಮ್ಮ ಕಡೆ ಅನ್ನ ಕೊಡುವ ಯಾವ ಸಾಮಾನನ್ನೂ ತೊಳೆಯದೆ ಬಿಡುವುದಿಲ್ಲ. ಗಂಡ ಟ್ರ್ಯಾಕ್ಟರ್ ತೊಳೆದರು. ಅತ್ತೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕುಡುಗೋಲು ತೊಳೆದರು. ಜೀವನದಲ್ಲಿ ಮೊದಲ ಸಲ ನನಗೂ ಒಂದು ಆಯುಧವಿತ್ತು. ಸಂಭ್ರಮ ತಲೆಗೇರಿತ್ತು ಎನ್ನಬೇಕು. ಯಂತ್ರದ ತಲೆಯ ಮೇಲಿಂದ ಮೂರು ಬಿಂದಿಗೆ ನೀರು ಸುರಿದು ಉಜ್ಜಿದೆ. ಬಟ್ಟಲುಗಳಿಗೆ ಸೇವಂತಿಗೆ ಹಾರ ಸುತ್ತಿದೆ. ಗಾಜಿನ ಹಲಗೆಗೆ ದಪ್ಪವಾಗಿ ಮೂರು ಪಟ್ಟೆ ವಿಭೂತಿ ಬಳಿದು ನಡುವೆ ಕುಂಕುಮ ಇಟ್ಟೆ. ಬೂದುಗುಂಬಳ ಒಡೆದು ಕೈಮುಗಿದು, ಒಳಗೆ ಹೋಗಿ ಹೋಳಿಗೆ ಊಟಕ್ಕೆ ಕುಳಿತೆ.

ಎರಡನೇ ಹೋಳಿಗೆ ಬಾಯಲ್ಲಿರುವಾಗ ಫೋನ್ ಗುಂಯ್ ಎಂದಿತು. 'ನಿಮ್ಮ ಊರಿನಲ್ಲಿ ಭಾರೀ ಮಳೆ. ಚಂದ್ರಿಕೆ ತಕ್ಷಣ ಒಳಗಿಡಿ.'

ಮೊದಲು ಓಡಿದವಳೇ ನಾನು. ಸುಳ್ಳೇಕೆ ಹೇಳಲಿ? ಸ್ವಂತ ಕೈಯಾರೆ ನೀರು ಸುರಿದದ್ದು ನೆನಪಿಗೇ ಬರಲಿಲ್ಲ. ಎಂಜಲು ಕೈಯಲ್ಲೇ ಬೀದಿಗೆ ಬಂದು "ಮಳೆ, ಮಳೆ" ಎಂದು ಕೂಗಿಕೊಂಡೆ. ಅಷ್ಟರಲ್ಲಿ ಎಲ್ಲ ಮನೆಗಳಿಂದಲೂ ಜನ ನುಗ್ಗುತ್ತಿದ್ದರು. ಪಕ್ಕದ ಮನೆಯ ಅಜ್ಜಿ "ವಾನ ವಸ್ತಾಂದಿ, ಎತ್ತ್ರೋ" ಎಂದು ತೆಲುಗು ಕನ್ನಡ ಎರಡರಲ್ಲೂ ಅವಸರಪಡಿಸಿದರು. ರೇಷ್ಮೆ ಸೀರೆ ಉಟ್ಟವರು, ಪಂಚೆ ಎತ್ತಿಕಟ್ಟಿದವರು, ಇಬ್ಬಿಬ್ಬರಾಗಿ ಚಂದ್ರಿಕೆ ಹೊತ್ತು ಅಡ್ಡಾದಿಡ್ಡಿ ಓಡಿದರು. ಹಬ್ಬದ ಪುರಿ ತಿನ್ನಲು ನಮ್ಮ ಮನೆಗೆ ಬಂದಿದ್ದ ಎದುರು ಮನೆಯ ಪಂಪ್‌ಸೆಟ್ ರಿಪೇರಿ ಭಾಯಿಯೂ ಒಂದು ತುದಿ ಹಿಡಿದರು. ಕಾಲು ಗಂಟೆಯಲ್ಲಿ ಬೀದಿ ಖಾಲಿ. ಎಲ್ಲರೂ ಬಾಗಿಲಲ್ಲಿ ನಿಂತು ಮಳೆಗಾಗಿ ಕಾದೆವು. ಬಿಸಿಲು ಚುರುಗುಟ್ಟುತ್ತಿತ್ತು.

ಭಾಯಿ ಯಂತ್ರದ ಸುತ್ತ ಒಂದು ಸುತ್ತು ಬಂದರು. ಸೇವಂತಿಗೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಏನಮ್ಮಾ, ಇದಕ್ಕೆ ಸ್ನಾನ ಮಾಡ್ಸಿದ್ರಾ?"

ಮೂರು ಬಿಂದಿಗೆ ನೀರು ಆಗ ನೆನಪಾಯಿತು. ಕಂಪ್ಯೂಟರಿನ ಲೆಕ್ಕದಲ್ಲಿ ಮಳೆ ಸುರಿದಿತ್ತು, ವಿಭೂತಿಯ ದೆಸೆಯಿಂದ ಬಿಸಿಲು ಮಾಯವಾಗಿತ್ತು, ಹಾರದಿಂದಾಗಿ ಗಾಳಿ ಸತ್ತುಹೋಗಿತ್ತು. ಬೀದಿಯವರು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ನನಗೆ ಅಳು ಬಂತು. ಟೇಕಲ್ ವಿಷಯ ಹೇಳಿದೆ. ನಗು ತಟ್ಟನೆ ನಿಂತಿತು. ಆಮೇಲೆ ಎಲ್ಲರೂ ಸೇರಿ ಒಂದು ತೀರ್ಮಾನಕ್ಕೆ ಬಂದರು: ಮಳೆ ಬಂತು ಎಂದುಬಿಡುವುದು.

ಮೇಲ್ವಿಚಾರಕರು ವಿಚಾರಿಸಲು ಮೂರು ಮನೆಗೆ ಫೋನ್ ಮಾಡಿದರು. ಮೊದಲನೆಯವರು ಮಳೆ ಎಂದರು. ಎರಡನೆಯವರು ಗುಡುಗು ಸೇರಿಸಿದರು. ಪಕ್ಕದ ಮನೆಯ ಅಜ್ಜಿ ಉತ್ಸಾಹದಲ್ಲಿ ಆಲಿಕಲ್ಲನ್ನೂ ಬೀಳಿಸಿ, ತಮ್ಮ ಹೆಂಚು ಒಡೆದವೆಂದರು. ಕೊನೆಗೆ ನನಗೆ ಬಂತು. ಸ್ಪೀಕರ್ ಹಾಕಿದೆ.

"ಮೇಡಂ, ಆಲಿಕಲ್ಲು ಬಿತ್ತಂತೆ. ನಮಗಿಲ್ಲಿ ಸ್ಯಾಟಲೈಟ್ ಚಿತ್ರದಲ್ಲಿ ಒಂದು ಮೋಡಾನೂ ಕಾಣ್ತಿಲ್ವಲ್ಲ."

ಸುತ್ತ ನಿಂತವರೆಲ್ಲ 'ಹ್ಞೂಂ ಅನ್ನು' ಎಂದು ತಲೆ ಆಡಿಸಿದರು. ಇವರು ನನಗಾಗಿ ಆಲಿಕಲ್ಲು ಸುರಿಸಿದವರು. ನಾಳೆ ಇದೇ ಯಂತ್ರವನ್ನು ನಂಬಿ ಹುಳುಗಳನ್ನು ಹೊರಗಿಡುವವರೂ ಇವರೇ. ಹ್ಞೂಂ ಎನ್ನಲು ನನಗೆ ಬಾಯಿ ಬರಲಿಲ್ಲ.

"ಮಳೆ ಬಂದಿಲ್ಲ ಸರ್. ಪೂಜೆಗೆ ಅಂತ ನಾನೇ ಯಂತ್ರ ತೊಳ್ದೆ."

ಆ ಕಡೆ ನಿಟ್ಟುಸಿರು ಕೇಳಿಸಿತು. "ಹಾಗಾದ್ರೆ ಟೇಕಲ್..." ಎನ್ನುವಷ್ಟರಲ್ಲಿ ಅತ್ತೆ ಫೋನ್ ಕಿತ್ತುಕೊಂಡರು.

"ನೋಡಪ್ಪಾ, ನಾನು ಇವಳ ಅತ್ತೆ. ನಿಮ್ ಮೆಸೇಜ್ ಬಂತು ಅಂತ ಬೀದಿಗೆ ಬೀದಿನೇ ಹಬ್ಬದ ಎಲೆ ಬಿಟ್ಟು ಓಡ್ತು. ಸುಡೋ ಬಿಸ್ಲು. ಒಬ್ರೂ ತಲೆ ಎತ್ತಿ ಆಕಾಶ ನೋಡ್ಲಿಲ್ಲ. ಇಷ್ಟು ನಂಬೋ ಜನ ಟೇಕಲ್‌ನಲ್ಲಿ ಸಿಗ್ತಾರಾ?"

ಫೋನಿನಲ್ಲಿ ಮೇಲ್ವಿಚಾರಕರು ನಗುವುದು ಕೇಳಿಸಿತು. "ಇಲ್ಲೇ ಇರ್ಲಿ ಬಿಡಿ ಅಮ್ಮಾ. ಮುಂದಿನ ವರ್ಷ ಪೂಜೆಗೆ ಮುಂಚೆ ಒಂದು ಫೋನ್ ಮಾಡೋಕೆ ಹೇಳಿ, ಇಲ್ಲಿಂದ್ಲೇ ಆಫ್ ಮಾಡ್ತೀನಿ."

ಯಂತ್ರದ ಕಂಬ ಹಿಡಿದುಕೊಂಡು ಗಳಗಳ ಅತ್ತುಬಿಟ್ಟೆ. ಅತ್ತೆ ಬಂದು ನನ್ನ ರಟ್ಟೆ ಹಿಡಿದು ಈಚೆಗೆ ಎಳೆದರು.

"ಅಲ್ಲಿ ನಿಂತ್ಕೊಂಡು ಅಳ್ಬೇಡ ಕಣೇ. ಮತ್ತೆ ಮೆಸೇಜ್ ಬಂದ್ಬಿಡತ್ತೆ."