ಬಾಳಮ್ಮನ ಹೊಸ್ತಿಲು

ಭೀಮಾ ಹೊಳೆ ಊರೊಳಗೆ ನುಗ್ಗಿದಾಗ ಜನ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡಿದರು. ನೀರು ಇಳಿದ ಮೇಲೆ ಬಾಳಮ್ಮ ಮಾತ್ರ ವಾಪಸ್ಸು ಹೋಗಿ, ಕುಸಿದ ಮಣ್ಣಿನ ಗೋಡೆಯಡಿಯಿಂದ ಬೇವಿನ ಹೊಸ್ತಿಲನ್ನು ಕೀಳಿಸಿ, ಗಂಡನ ಹೆಗಲಿಗೆ ಹೊರಿಸಿಕೊಂಡು ಬಂದಳು. ಗಂಡ ಭೀಮಶಾ ದಾರಿಯುದ್ದಕ್ಕೂ ಗೊಣಗಿದ.

"ತಲಿ ಮ್ಯಾಲ ಛತ್ತಿಲ್ಲ, ಇಕಿಗಿ ಹೊಸ್ತಲಾ ಬೇಕಂತ!"

ಮನೆ ಕಳೆದುಕೊಂಡವರಿಗಾಗಿ ಚೌಡಾಪುರದ ಆಚೆ ಗರಸುಕಲ್ಲಿನ ನೆಲದಲ್ಲಿ ತಗಡಿನ ಶೆಡ್ಡುಗಳು ಎದ್ದವು. ಪಕ್ಕಾ ಮನೆ ಕಟ್ಟಿಕೊಡುವವರೆಗೆ ಇಲ್ಲಿರಿ ಎಂದರು ಸರಕಾರದವರು. ಮೊದಲು ಗಂಜಿ ಬಂತು, ನರ್ಸಬಾಯಿ ಬಂದಳು, ಬಾಲವಾಡಿ ನಡೆಸಲು ನಾನೂ ಬಂದೆ. ಆಮೇಲೆ ಗಂಜಿ ನಿಂತಿತು, ನರ್ಸಬಾಯಿಗೆ ವರ್ಗವಾಯಿತು. ವರ್ಷಗಳು ಉರುಳಿದರೂ ಶೆಡ್ಡುಗಳು ಹಾಗೇ ಉಳಿದವು. ಬೇಸಿಗೆಯಲ್ಲಿ ಒಳಗೆ ಕೂತವರದು ಹಂಚಿನ ಮೇಲಿನ ರೊಟ್ಟಿಯ ಪಾಡು.

ಅಲ್ಲಿ ಒಂದು ಕಟ್ಟಳೆ ಇತ್ತು. ಶೆಡ್ಡಿಗೆ ಯಾರೂ ಚೌಕಟ್ಟು, ಹೊಸ್ತಿಲು ಕೂಡಿಸುವಂತಿಲ್ಲ. ಕೂಡಿಸಿದರೆ ಅಲ್ಲೇ ನೆಲೆ ನಿಂತಂತೆ, ಪಕ್ಕಾ ಮನೆಯ ಹಕ್ಕು ಹೋದಂತೆ. ಈ ಕಟ್ಟಳೆ ಮಾಡಿದ ಪುಣ್ಯಾತ್ಮ ಒಂದೇ ಒಂದು ಬೇಸಿಗೆ ಆ ತಗಡಿನಡಿ ಮಲಗಬೇಕಿತ್ತು. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಬಾಳಮ್ಮನ ಹೊಸ್ತಿಲು ಗೋಣಿಚೀಲ ಹೊದ್ದು ಮೂಲೆಯಲ್ಲಿ ಬಿದ್ದಿತ್ತು. ಮಗಳು ನಿಂಬೆವ್ವನನ್ನು ಅತನೂರಿಗೆ ಕೊಟ್ಟಿದ್ದರು. ಬಂದ ಮಗಳನ್ನು ತವರಿನ ಹೊಸ್ತಿಲೊಳಗೆ ನಿಲ್ಲಿಸಿ ಉಡಿ ತುಂಬಿ ಕಳಿಸಬೇಕು. ಹೊಸ್ತಿಲೇ ಇಲ್ಲದ ಕಡೆ ತುಂಬುವುದೆಲ್ಲಿ?

"ಹೊಸ ಮನ್ಯಾಗ ತುಂಬ್ತೇನಿ ಯವ್ವಾ, ಈ ಸಲ ಹಂಗೇ ಹೋಗು" ಎನ್ನುತ್ತಿದ್ದಳು ಬಾಳಮ್ಮ. ಮಗಳು ಬಸ್ಸು ಹತ್ತಿದ ಮೇಲೆ ಶೆಡ್ಡಿನ ಹಿಂದೆ ಹೋಗಿ ಅಳುತ್ತಿದ್ದಳು.

ನಿಂಬೆವ್ವ ಬಸುರಾದಳು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿಗೆ ಕಳಿಸುವಾಗ ಅವಳ ಅತ್ತೆ ಕಡ್ಡಿ ಮುರಿದಂತೆ ಹೇಳಿ ಕಳಿಸಿದಳು: "ಈ ಸಲಾನೂ ಖಾಲಿ ಉಡೀಲೆ ಬಂದ್ರ ಬಾಣಂತನ ಇಲ್ಲೇ ಆಗ್ತದ. ನಿನಗ ತವರಿಲ್ಲಂತ ತಿಳಕೋತೀವಿ."

ಹೊಸ್ತಿಲು ಕೂಡಿಸಿದರೆ ಮನೆ ಹೋಗುತ್ತದೆ. ಕೂಡಿಸದಿದ್ದರೆ ಚೊಚ್ಚಲ ಹೆರಿಗೆಗೆ ಮಗಳು ಬರುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಬಾಳಮ್ಮ ಗಂಡನಿಗೆ ಹೇಳಿದಳು: "ಒಂದ ದಿನದ ಮಾತ್ರಿ. ಆಕಿ ಬಸ್ ಹತ್ತಿದ ಮ್ಯಾಲ ಕಿತ್ತಿಟ್ರಾತು."

ಭೀಮಶಾ ನೆಲ ಅಗೆದು ಹೊಸ್ತಿಲು ಕೂಡಿಸಿದ. ಬಾಳಮ್ಮ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಮಗಳಿಗೆ ಹಸಿರು ಸೀರೆ ಉಡಿಸಿ, ಬೊಗಸೆ ಬೊಗಸೆ ಅಕ್ಕಿ ಸುರಿದು ಉಡಿ ತುಂಬಿದಳು. ನಿಂಬೆವ್ವ ಹೊಸ್ತಿಲಿಗೆ ಹಣೆ ಹಚ್ಚಿ ದಾಟಿ ಹೋದಳು. ಅಷ್ಟು ನಕ್ಕ ಬಾಳಮ್ಮನನ್ನು ನಾನು ಮೊದಲು ಕಂಡಿರಲಿಲ್ಲ.

ಮರುದಿನ ಭೀಮಶಾ ಹಾರೆ ಹಾಕಿದಾಗ ಅವಳು ಚೀರಿಕೊಂಡು ಅಡ್ಡ ಬಂದಳು. ಮಗಳ ಉಡಿಯ ಗಡಿಬಿಡಿಯಲ್ಲಿ ಮರೆತ ಮಾತು ಆಗ ನೆನಪಾಗಿತ್ತು. ಬಸುರಿ ಉಡಿ ತುಂಬಿಸಿಕೊಂಡು ದಾಟಿದ ಹೊಸ್ತಿಲನ್ನು ಅವಳು ಹೆರುವವರೆಗೆ ಕದಲಿಸಬಾರದು. ಹೊಸ್ತಿಲು ಕದಲಿದರೆ ಗರ್ಭವೂ ಕದಲುತ್ತದೆ.

ಆ ವಾರವೇ ಶೆಡ್ಡು ನೋಡಲು ಸಾಹೇಬ ಬಂದ. ಕೆಟ್ಟವನಲ್ಲ. "ಈಗ ಕಿತ್ತು ಬಿಡವ್ವಾ, ನಾ ನೋಡೇ ಇಲ್ಲಂತೇನಿ" ಎಂದ.

"ಮಗಳು ಹಡೀಲ್ರಿ ಸಾಹೇಬ್ರ, ಆಮ್ಯಾಲ ಕೀಳ್ತೇನಿ."

"ಅಲ್ಲೀತನಕ ನನ್ನ ಕೈಯಾಗ ಇಲ್ಲವ್ವಾ."

ನಾನೂ ಬೇಡಿಕೊಂಡೆ. "ಮೂಢನಂಬಿಕಿ ಬಿಡು ಬಾಳಮ್ಮಾ" ಅಂದೆ. "ನಿಮ್ಮ ಮಗಳಿದ್ರ ಕೀಳ್ತಿದ್ರೇನ್ರಿ ಅಕ್ಕೋರ?" ಎಂದು ಕೇಳಿದಳು.

ಮಳೆಗಾಲಕ್ಕೆ ಮುಂಚೆ ಪಕ್ಕಾ ಮನೆಗಳು ಬಂದೇ ಬಂದವು. ಪಟ್ಟಿಯಲ್ಲಿ ಬಾಳಮ್ಮನ ಹೆಸರಿರಲಿಲ್ಲ. ಒಂದೊಂದೇ ಸಂಸಾರ ಪಾತ್ರೆ, ಕೌದಿ ಹೊತ್ತು ಹೊರಟಿತು. ಬಾಲವಾಡಿಯೂ ಅವರ ಬೆನ್ನು ಹತ್ತಿತು. ಖಾಲಿ ಶೆಡ್ಡುಗಳ ತಗಡು ಬಿಚ್ಚಿ ಒಯ್ದರು. ಬಯಲಿನಲ್ಲಿ ಬಾಳಮ್ಮನದೊಂದೇ ಉಳಿಯಿತು.

ನಿಂಬೆವ್ವ ಅಲ್ಲಿಗೇ ಬಂದು ಹೆಣ್ಣು ಹಡೆದಳು. ನಾನು ನೋಡಲು ಹೋದಾಗ ಅವಳು ಬೆವರುತ್ತ ಮೊರದಿಂದ ಕೂಸಿಗೆ ಗಾಳಿ ಹಾಕುತ್ತಿದ್ದಳು.

"ಎಲ್ಲಾರೂ ಹೊಸ ಮನಿಗಿ ಹೋದ್ರಲ್ಲ ಅವ್ವಾ, ನೀವ್ಯಾಕ ಹೋಗಿಲ್ಲ?"

ಬಾಳಮ್ಮ ನನ್ನತ್ತ ಒಮ್ಮೆ ನೋಡಿ, ಮಗಳ ಕೈಯಿಂದ ಮೊರ ತೆಗೆದುಕೊಂಡಳು.

"ಇಲ್ಲಿ ಗಾಳಿ ಛಲೋ ಬರ್ತದ ಯವ್ವಾ" ಎಂದಳು.