ಬಂಗಾರಮ್ಮನ ಚೇತರಿಕೆ

ಆಪರೇಷನ್ ಆದ ಹೆಂಗಸರು ಮನೆಗೆ ಹೋದ ಮೇಲೆ ಎಷ್ಟರಮಟ್ಟಿಗೆ ಸುಧಾರಿಸಿಕೊಳ್ಳುತ್ತಾರೆ ಎಂಬುದರ ಮೇಲೆ ಪಿಎಚ್‌ಡಿ ಮಾಡಬೇಕೆಂಬುದು ಶಿಕಾರಿಪುರದ ನರ್ಸ್ ನಾಗವೇಣಿಯ ಬಹುದಿನದ ಹಟ. ಫೆಲೋಶಿಪ್ಪಿನ ಅರ್ಜಿ ಬರೆಯಲೆಂದೇ ರಜೆ ಹಾಕಿ, ಆನವಟ್ಟಿ ಹತ್ತಿರದ ತವರಿಗೆ ಬಂದು ಕೋಣೆ ಸೇರಿದ್ದಳು. ಗರ್ಭಕೋಶದ ಆಪರೇಷನ್ ಆಗಿ ತಿಂಗಳೂ ತುಂಬದ ಅವ್ವ ಬಂಗಾರಮ್ಮ ಒಂದು ಸಂಜೆ ಪಕ್ಕದವರ ಗದ್ದೆಯಲ್ಲಿ ನಾಟಿ ಮುಗಿಸಿ ಕೆಸರುಗಾಲಲ್ಲಿ ಬಂದಳು. ಬೇಗ ಚೇತರಿಸಿಕೊಂಡವರಿಗೆ ಉದಾಹರಣೆಯಾಗಿ ನಾಗವೇಣಿ ಅವಳನ್ನೇ ಬರೆದಳು. ಸಂದರ್ಶನದಲ್ಲೂ ಅದನ್ನೇ ಹೇಳಿದಳು, ಎಲ್ಲರೂ ತಲೆದೂಗಿದರು.

ಆಯ್ಕೆಯಾದ ಸುದ್ದಿ ಹೇಳಲು ಬಂದಾಗ ಬಂಗಾರಮ್ಮ ಕಿಬ್ಬೊಟ್ಟೆ ಒತ್ತಿಕೊಂಡು ಜಗಲಿಯಲ್ಲಿ ಮುದುಡಿ ಕೂತಿದ್ದಳು. ನಾಟಿಗೆ ಹೋದ ದಿನದಿಂದಲೂ ನೋವಂತೆ.

"ಮತ್ಯಾಕೆ ಹೋದ್ಯವ್ವಾ?" ನಾಗವೇಣಿ ರೇಗಿದಳು.

"ನಾನು ಆಸ್ಪತ್ರೇಲಿದ್ದಾಗ ಅವ್ರು ಬಂದು ನಮ್ಮ ಗದ್ದೆ ನೆಟ್ಟುಕೊಟ್ಟಿದ್ರಲ್ಲೇ. ಆ ಮುಯ್ಯಾಳು ತೀರಿಸ್ಬೇಕಿತ್ತು. ನಮ್ಮನೆಯಿಂದ ಒಬ್ರಾದ್ರೂ ಹೋಗ್ಲೇಬೇಕಲ್ಲ?"

ನಾಟಿ ಮಾಡುವುದನ್ನು ನಾಗವೇಣಿ ಲಂಗ ತೊಡುವ ವಯಸ್ಸಿನಲ್ಲೇ ಈ ಅವ್ವನಿಂದ ಕಲಿತಿದ್ದಳು. ಅವಳ ದನಿ ಇಳಿಯಿತು. "ನನ್ನ ಕಳಿಸ್ಬಹುದಿತ್ತಲ್ಲವ್ವಾ."

"ಕರಿಯಾಕೆ ಬಂದಿದ್ದೆ ಮಗಾ. ನೀನು ತಲೆ ಎತ್ತದೆ ಬರೀತಾ ಇದ್ದೆ. ಹಂಗೇ ಕದ ಮುಂದೆ ಮಾಡಿ ನಾನೇ ಹೋದೆ."